ನಗರದಲ್ಲಿದ್ದು ಊರಿನ ಜಮೀನಿನ ಬೆಳೆ ಪರಿಹಾರ, ಪಿಎಂ ಕಿಸಾನ್ ಹಣ ಪಡೆಯುವ ಕ್ರಮ

ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯ ಕಡೆ ಜಮೀನಿದ್ದು ಬೆಂಗಳೂರಿನಲ್ಲಿ ನೆಲೆಸಿರುವವರು, ಸರ್ಕಾರದ ಹಣ ಬಾರದಿದ್ದಾಗ ಸಾಮಾನ್ಯವಾಗಿ ಮೊದಲು ಬ್ಯಾಂಕಿಗೆ ಹೋಗುತ್ತಾರೆ. ವಿಚಾರಣೆಯನ್ನು ಪಹಣಿಯಿಂದ, ಅಂದರೆ ಜಮೀನಿನ ಹಕ್ಕು ಹಾಗೂ ಬೆಳೆಯ ದಾಖಲೆಯಿಂದ, ಆರಂಭಿಸುವುದೇ ಮೇಲು.

ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಪ್ರಸಕ್ತ ಸಾಲಿನ ಪಹಣಿ ತೆಗೆದು, 9ನೇ ಕಾಲಂನಲ್ಲಿರುವ ಹೆಸರನ್ನು ಆಧಾರ್‌ನಲ್ಲಿರುವ ಹೆಸರಿನೊಂದಿಗೆ ಹೋಲಿಸಿ ನೋಡಬೇಕು. ತಂದೆಯವರು ತೀರಿಕೊಂಡ ಬಳಿಕವೂ ಜಮೀನಿನ ಖಾತೆ ಅವರ ಹೆಸರಿನಲ್ಲಿಯೇ ಮುಂದುವರಿದಿದ್ದರೆ, ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ) ಅರ್ಜಿ ಸಲ್ಲಿಸುವುದು ಮೊದಲ ಕೆಲಸ. ಅದು ಮುಗಿಯದೆ ಉಳಿದ ಓಡಾಟದಿಂದ ಪ್ರಯೋಜನವಿಲ್ಲ.

ಅನಂತರ, ರೈತರ ಮತ್ತು ಅವರ ಜಮೀನಿನ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ನೋಂದಣಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಒಯ್ದರೆ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ದೊರೆಯುತ್ತದೆ. ಸಂಖ್ಯೆ ಈಗಾಗಲೇ ಇದ್ದವರು ತಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯೇ ಎಂದು ಕೇಳಿ ತಿಳಿಯಬೇಕು. ಬಿಟ್ಟುಹೋದ ಸರ್ವೆ ನಂಬರಿನ ಬೆಳೆ ಹಾಳಾದರೂ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ.

ನಗರವಾಸಿಗಳು ಹೆಚ್ಚು ಅಲಕ್ಷಿಸುವುದು ಬೆಳೆ ಸಮೀಕ್ಷೆಯನ್ನು. ಹಂಗಾಮಿನಲ್ಲಿ ರೈತರೇ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದ ಚಿತ್ರ ತೆಗೆದು ಬೆಳೆಯನ್ನು ದಾಖಲಿಸಬಹುದು. ಆದರೆ ಅದಕ್ಕೆ ಹೊಲದಲ್ಲಿಯೇ ನಿಂತಿರಬೇಕಾಗುತ್ತದೆ, ಮಲ್ಲೇಶ್ವರದ ಮನೆಯಿಂದ ಆಗುವ ಕೆಲಸವಲ್ಲ. ರಾಗಿ ಬಿತ್ತಿದ ಹೊಲ ದಾಖಲೆಯಲ್ಲಿ ಬೀಳು ಅಥವಾ ನೀಲಗಿರಿ ಎಂದಿದ್ದರೆ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಮೂರಕ್ಕೂ ತೊಡಕಾಗುತ್ತದೆ. ದಾಖಲಾದ ವಿವರವನ್ನು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿ ಮುಗಿಯುವ ಮೊದಲೇ ಆಕ್ಷೇಪಣೆ ಸಲ್ಲಿಸಿ, ಗ್ರಾಮ ಆಡಳಿತಾಧಿಕಾರಿಯವರ ಗಮನಕ್ಕೂ ತರಬೇಕು.

ಕೇಂದ್ರವು 2022-23ರಿಂದ 2025-26ರ ಅವಧಿಗೆ ನಿಗದಿಪಡಿಸಿದ ಮಾನದಂಡದಂತೆ, ನೈಸರ್ಗಿಕ ವಿಕೋಪದಿಂದ ಶೇ. 33 ಅಥವಾ ಅದಕ್ಕೂ ಹೆಚ್ಚು ನಷ್ಟವಾದ ಬೆಳೆಗೆ ಹೆಕ್ಟೇರಿಗೆ ಮಳೆಯಾಶ್ರಿತದಲ್ಲಿ 8,500 ರೂ., ನೀರಾವರಿಯಲ್ಲಿ 17,000 ರೂ., ಬಹುವಾರ್ಷಿಕ ಬೆಳೆಯಲ್ಲಿ 22,500 ರೂ. ಇದ್ದು, ಮಿತಿ 2 ಹೆಕ್ಟೇರು. ಈ ಹಣ ಜಮೀನಿನ ಖಾತೆದಾರರಿಗೆ ಹೋಗುತ್ತದೆ. ಜಮೀನನ್ನು ವಾರಕ್ಕೆ (ಬೆಳೆಯಲ್ಲಿ ಪಾಲಿನ ಕರಾರಿಗೆ) ಕೊಟ್ಟಿದ್ದರೆ ಬೀಜ, ಗೊಬ್ಬರದ ಖರ್ಚು ಹೊತ್ತವರು ಬೇರೆಯವರಾಗಿರುತ್ತಾರಾದ್ದರಿಂದ, ಪರಿಹಾರ ಯಾರಿಗೆ ಸೇರಬೇಕೆಂಬುದನ್ನು ಬಿತ್ತನೆಗೆ ಮೊದಲೇ ಮಾತಾಡಿಕೊಳ್ಳುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ವರ್ಷಕ್ಕೆ ತಲಾ 2,000 ರೂಪಾಯಿಯ ಮೂರು ಕಂತು ಕೊಡುವ ಪಿಎಂ ಕಿಸಾನ್‌ಗೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಕಡ್ಡಾಯ. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು ಇದಕ್ಕೆ ಅರ್ಹರಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕಾಗುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಬ್ಯಾಂಕಿನ ಸರದಿ. ಆಧಾರ್ ಆಧಾರಿತ ಪಾವತಿಯು ಎನ್‌ಪಿಸಿಐಯಲ್ಲಿ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಆಧಾರ್‌ಗೆ ಜೋಡಣೆಯಾಗಿರುವ ಒಂದೇ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆ ಖಾತೆ ಯಾವ ಬ್ಯಾಂಕಿನದೆಂಬುದು ಆಧಾರ್ ಜಾಲತಾಣದಲ್ಲಿಯೇ ತಿಳಿಯುತ್ತದೆ. ಊರಿನ ಪಾಸ್‌ಬುಕ್ಕಿನಲ್ಲಿ ಕಾಣದ ಹಣ ನಗರದ ಸಂಬಳದ ಖಾತೆಯಲ್ಲಿ ಇರುವುದೂ ಉಂಟು.