ಟೇಬಲ್‌ಗೆ, ಕಾಲಂಗೆ ಹೆಸರಿಡುವ ಮುನ್ನ

ಹಾಲು ಉತ್ಪಾದಕರ ಸಂಘಗಳ ಲೆಕ್ಕವನ್ನು ಎಕ್ಸೆಲ್‌ನಿಂದ ಡೇಟಾಬೇಸ್‌ಗೆ ತರುವುದು ನನ್ನ ಕೆಲಸ. ಶೀಟಿನ ತಲೆಬರಹಗಳು ಹೀಗಿರುತ್ತವೆ: ‘ಮೆಂಬರ್.ನಂ’, ‘ಫ್ಯಾಟ್ %’, ‘ಬೆಳಗ್ಗೆ-ಲೀಟರ್’. ಓದುವವರಿಗೆ ಚೆನ್ನಾಗೇ ಇವೆ. ಡೇಟಾಬೇಸ್‌ಗೆ ಒಂದೂ ಆಗುವುದಿಲ್ಲ. ನಡುವೆ ಚುಕ್ಕೆ ಕಂಡರೆ, ಟೇಬಲ್ ಹೆಸರು ಮುಗಿದು ಕಾಲಂ ಹೆಸರು ಶುರುವಾಯಿತು ಅಂದುಕೊಳ್ಳುತ್ತದೆ. ಅಡ್ಡಗೆರೆ ಕಂಡರೆ ಕಳೆಯಲು ಹೊರಡುತ್ತದೆ. % ಕಂಡರೆ ಭಾಗಿಸಿ ಶೇಷ ಹುಡುಕುತ್ತದೆ. ಸ್ಪೇಸ್ ಬಂತೋ, ಹೆಸರು ಅಲ್ಲಿಗೇ ಮುಗಿಯಿತು.

ಹಾಗಾಗಿ ಎಲ್ಲ ಕಡೆ ನಡೆಯುವ ನಿಯಮ ಇಷ್ಟೇ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಂಡರ್‌ಸ್ಕೋರ್ (_) ಮಾತ್ರ ಬಳಸಿ. ಮೊದಲಲ್ಲಿ ಅಕ್ಷರವೇ ಇರಲಿ. 30 ಅಕ್ಷರ ದಾಟಬೇಡಿ. ‘ಬೆಳಗ್ಗೆ_ಲೀಟರ್’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಾಕು.

ಇಷ್ಟು ಬಿಗಿ ಯಾಕೆ? ಒಂದೊಂದು ಡೇಟಾಬೇಸ್‌ಗೂ ಒಂದೊಂದು ಲೆಕ್ಕ. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರು ಅಂಕಿಯಿಂದ ಶುರುವಾಗಬಹುದು, ಬರೀ ಅಂಕಿ ಆಗುವಂತಿಲ್ಲ. ಪೋಸ್ಟ್‌ಗ್ರೆಸ್, ಒರಾಕಲ್ ಅಂಕಿಯಿಂದ ಶುರುವಾಗುವುದಕ್ಕೂ ಒಪ್ಪುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೊದಲಿಗೆ # ಹಾಕಿದರೆ ಅದು ತಾತ್ಕಾಲಿಕ ಟೇಬಲ್. ಉದ್ದದ ಮಿತಿಯೂ ಬೇರೆ ಬೇರೆ: ಮೈಎಸ್‌ಕ್ಯೂಎಲ್‌ಗೆ 64 ಅಕ್ಷರ, ಪೋಸ್ಟ್‌ಗ್ರೆಸ್‌ಗೆ 63 ಬೈಟ್ (ಕಂಪ್ಯೂಟರ್ ಜಾಗದ ಅಳತೆ; ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು), ಒರಾಕಲ್ 12.1ನೇ ಆವೃತ್ತಿಯವರೆಗೆ 30 ಬೈಟ್, 12.2ರಿಂದ 128. ಹೆಸರು ಉದ್ದವಾದರೆ ಪೋಸ್ಟ್‌ಗ್ರೆಸ್ ನಿಲ್ಲಿಸುವುದಿಲ್ಲ, ಒಂದು ಸೂಚನೆ ಕೊಟ್ಟು ಬಾಲ ಕತ್ತರಿಸಿಬಿಡುತ್ತದೆ. ಆ ಸೂಚನೆಯನ್ನು ಯಾರು ಓದುತ್ತಾರೆ?

ದೊಡ್ಡಕ್ಷರ, ಸಣ್ಣಕ್ಷರದ ತೊಂದರೆ ಇನ್ನೂ ಜಾಸ್ತಿ. ಕೋಟ್ಸ್ (ಉದ್ಧರಣ ಚಿಹ್ನೆ) ಇಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ, ಒರಾಕಲ್ ದೊಡ್ಡಕ್ಷರಕ್ಕೆ ತಿರುಗಿಸುತ್ತದೆ. ಮೈಎಸ್‌ಕ್ಯೂಎಲ್ ಟೇಬಲ್ ಹೆಸರುಗಳು ವಿಂಡೋಸ್‌ನಲ್ಲಿ ಹೇಗೆ ಬರೆದರೂ ನಡೆಯುತ್ತವೆ. ಲಿನಕ್ಸ್ ಸರ್ವರ್‌ಗೆ ಹಾಕಿದ ದಿನ, ದೊಡ್ಡ-ಸಣ್ಣ ಅಕ್ಷರ ಹೊಂದದಿದ್ದರೆ ‘ಟೇಬಲ್ ಇಲ್ಲ’ ಎನ್ನುತ್ತದೆ.

ಕೋಟ್ಸ್ ಒಳಗೆ ಏನು ಬೇಕಾದರೂ ಬರೆಯಬಹುದಲ್ವಾ ಎಂದು ಕೇಳುತ್ತಾರೆ. ಹೆಚ್ಚುಕಡಿಮೆ ಹೌದು. ಆದರೆ ಆಮೇಲೆ ಡೇಟಾಬೇಸ್‌ಗೆ ಕೇಳುವ ಪ್ರತಿ ಕ್ವೆರಿಯಲ್ಲೂ (ಪ್ರಶ್ನೆಯಲ್ಲೂ), ಪ್ರತಿಯೊಬ್ಬರೂ ಆ ಕೋಟ್ಸ್ ಹಾಕಲೇಬೇಕು. ನಿಮ್ಮ ನಂತರ ಬರುವವರ ಮೇಲೆ ಆ ಭಾರ ಹೊರಿಸಬೇಡಿ.

ಡೇಟಾಬೇಸ್ ತನ್ನ ಬಳಕೆಗೆಂದೇ ಕಾದಿರಿಸಿದ ಪದಗಳನ್ನೂ ಬಿಡಿ: ಆರ್ಡರ್, ಗ್ರೂಪ್, ಯೂಸರ್. ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್ ಎಂಬ ಟೇಬಲ್‌ನಿಂದ ಕೋಟ್ಸ್ ಇಲ್ಲದೆ ಸೆಲೆಕ್ಟ್ ಮಾಡಿದರೆ (ಅಂದರೆ ದಾಖಲೆ ಕೇಳಿದರೆ) ಎರರ್ ಬರುವುದೇ ಇಲ್ಲ, ಲಾಗಿನ್ ಆದವರ ಹೆಸರು ಬರುತ್ತದೆ! ಪಟ್ಟಿ ಬೆಳೆಯುತ್ತಲೂ ಇರುತ್ತದೆ. ಮೈಎಸ್‌ಕ್ಯೂಎಲ್ 5.7ರಲ್ಲಿ ನಡೆಯುತ್ತಿದ್ದ ‘ರ‍್ಯಾಂಕ್’ ಕಾಲಂ 8.0ರಲ್ಲಿ ಕೋಟ್ಸ್ ಇಲ್ಲದೆ ನಡೆಯದು.

ಇನ್ನು ಕನ್ನಡದ ಹೆಸರು. ಪೋಸ್ಟ್‌ಗ್ರೆಸ್ ಕನ್ನಡ ಅಕ್ಷರಗಳನ್ನು ಕೋಟ್ಸ್ ಇಲ್ಲದೆಯೇ ಒಪ್ಪುತ್ತದೆ. ನೋಡಿ ನನಗೂ ಖುಷಿಯೇ. ಆದರೂ ಬೇಡ ಎನ್ನುತ್ತೇನೆ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಉತ್ಪಾದಕರು’ ಕಣ್ಣಿಗೆ ಐದೇ ಅಕ್ಷರ. ಒತ್ತು, ಸ್ವರಚಿಹ್ನೆ ಎಲ್ಲ ಸೇರಿ 27 ಬೈಟ್. ಅದಕ್ಕಿಂತ ಕಷ್ಟದ ವಿಷಯ ಇದೆ. ‘ಕೊಬ್ಬು’ ಪದದ ‘ೊ’ ಚಿಹ್ನೆಯನ್ನು ಒಂದೇ ಕೋಡ್ ಆಗಿ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಕೋಡ್‌ಗಳಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ಗೆ ಎರಡು ಬೇರೆ ಹೆಸರು. ‘ಲೀಟರ್’ ಪದದ ಕೊನೆಯ ರ್ ಆದಮೇಲೆ ಕೆಲವೊಮ್ಮೆ ಸೇರಿಕೊಳ್ಳುವ ಕಾಣದ ಚಿಹ್ನೆಯದೂ ಇದೇ ಕಥೆ. ಕಾಣದ ತಪ್ಪನ್ನು ಹುಡುಕುವುದು ಹೇಗೆ?

ಕನ್ನಡ ಇರಬೇಕಾದ್ದು ಡೇಟಾದಲ್ಲಿ, ವರದಿಯ ತಲೆಬರಹದಲ್ಲಿ, ಕಾಮೆಂಟ್‌ನಲ್ಲಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಪ್ರತಿ ಕಾಲಂಗೂ ಕಾಮೆಂಟ್ ಬರೆದಿಡಬಹುದು. ‘ಬೆಳಗಿನ ಸರದಿಯ ಹಾಲು, ಲೀಟರ್‌ನಲ್ಲಿ’ ಎಂದು ಬಿಡಿಸಿ ಬರೆಯಿರಿ.

ಈಗಾಗಲೇ ಕೆಟ್ಟ ಹೆಸರಿದ್ದರೆ ಮೊದಲು ಬ್ಯಾಕಪ್ ತೆಗೆದು ಆಮೇಲೆ ಬದಲಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂಗಳು (ಉಳಿಸಿಟ್ಟ ಕ್ವೆರಿಗಳು) ಹೊಸ ಹೆಸರನ್ನು ತಾವೇ ಹಿಡಿದುಕೊಳ್ಳುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ವ್ಯೂ ಮುರಿಯುತ್ತದೆ, ಅವನ್ನು ಒಂದೊಂದಾಗಿ ನೀವೇ ಸರಿಪಡಿಸಬೇಕು.