ಸೈಕಲ್ ಚಕ್ರದ ಬೆಂಡ್ ಮನೆಯಲ್ಲೇ ತೆಗೆಯಿರಿ, ಆಮೇಲೆ ಕಟ್ಟೋಣ

ಹೊಸ ಚಕ್ರ ಕಟ್ಟುವ ಆಸೆ ಇದ್ದರೂ ಮೊದಲು ಬೆಂಡ್ ತೆಗೆಯುವುದನ್ನು ಕಲಿಯಿರಿ. ದಿನಾ ಓಡಿಸುವ ಸೈಕಲ್ ಮೇಲೆ ಕೈ ಹಾಕಬೇಡಿ, ಗುಜರಿಯಿಂದ ಹಳೇ ಮುಂದಿನ ಚಕ್ರ ಒಂದನ್ನು ತನ್ನಿ. ಗೇರ್ ಸೈಕಲ್ಲಿನ ಹಿಂದಿನ ಚಕ್ರ ಈಗಲೇ ಬೇಡ, ಅದರಲ್ಲಿ ಚೈನ್ ಬದಿಯ ಕಡ್ಡಿಗಳು ಜಾಸ್ತಿ ಬಿಗಿ ಇರುತ್ತವೆ, ತಲೆ ಕೆಡುತ್ತದೆ.

ನಿಪ್ಪಲ್‌ಗೆ (ಕಡ್ಡಿಯ ತುದಿಯನ್ನು ರಿಮ್ಮಿಗೆ ಹಿಡಿದಿಡುವ ಪುಟ್ಟ ನಟ್‌ಗೆ) ಸರಿಯಾಗಿ ಕೂರುವ ಸ್ಪೋಕ್ ಕೀ ಬೇಕೇ ಬೇಕು. ಲೂಸ್ ಕೀ ಹಾಕಿದರೆ ನಿಪ್ಪಲ್‌ನ ಮೂಲೆ ಸವೆಯುತ್ತದೆ, ಆಮೇಲೆ ಇಕ್ಕಳವೇ ಗತಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ.

ಚಕ್ರವನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲಿಗೆ ಹಾಕಿ ಸೈಕಲ್ ತಲೆಕೆಳಗೆ ನಿಲ್ಲಿಸಿ, ಗಾಳಿ ತೆಗೆಯಿರಿ. ಬಟ್ಟೆ ಕ್ಲಿಪ್ ಒಂದನ್ನು ಫೋರ್ಕಿಗೆ ಸಿಕ್ಕಿಸಿ, ತುದಿ ರಿಮ್ಮಿಗೆ ಇನ್ನೇನು ತಾಗಬೇಕು ಅನ್ನುವಂತಿರಲಿ. ನಿಧಾನ ತಿರುಗಿಸಿದರೆ ಎಲ್ಲಿ ಉಜ್ಜುತ್ತದೋ ಅಲ್ಲೇ ಬೆಂಡ್. ರಿಮ್ ಬಲಕ್ಕೆ ಬಾಗಿದ್ದರೆ ಅಲ್ಲಿನ ಎಡಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಬಲಬದಿಯದು ಕಾಲು ಸುತ್ತು ಸಡಿಲ. ನಾನು ಮೊದಲ ಸಲ ಸಡಿಲ ಮಾಡುವುದನ್ನೇ ಮರೆತು ಬರೀ ಬಿಗಿ ಮಾಡುತ್ತಾ ಹೋದೆ, ಸಂಜೆಗೆ ಚಕ್ರ ಎಣ್ಣೆಗೆ ಬಿಟ್ಟ ಹಪ್ಪಳ ಆಗಿತ್ತು! ಇನ್ನೊಂದು, ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ. ಹಬ್ (ಚಕ್ರದ ನಡುಭಾಗ) ಕಡೆಯಿಂದ ನೋಡಿದರೆ ಉಲ್ಟಾ ಕಾಣುತ್ತದೆ, ಎಲ್ಲರೂ ಎಡವುವುದು ಇಲ್ಲೇ.

ಎರಡು ಕಡ್ಡಿಗಳನ್ನು ಸೇರಿಸಿ ಹಿಂಡಿ, ಆಮೇಲೆ ಬೆರಳಿನಿಂದ ಮೀಟಿ ನೋಡಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಯಾವುದೋ ಒಂದು ಸುಮ್ನೆ ಡಬ್ ಅಂದರೆ ಅದು ಸಡಿಲ.

ಈಗ ಕಟ್ಟುವುದು. ಹಳೇ ಕಪ್ಪು ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ, ಹಾಗಾಗಿ ರಿಮ್ ತರುವ ಮೊದಲು ತೂತು ಎಣಿಸಿ. ಹಬ್ ಮತ್ತು ಕಡ್ಡಿ ಚೆನ್ನಾಗಿದ್ದು ರಿಮ್ ಮಾತ್ರ ಹೋಗಿದ್ದರೆ ಒಂದು ಸುಲಭದ ದಾರಿ ಇದೆ. ಅದೇ ಅಳತೆಯ, ಅದೇ ಆಕಾರದ ಹೊಸ ರಿಮ್ಮನ್ನು ಹಳೆಯದರ ಪಕ್ಕಕ್ಕಿಟ್ಟು, ವಾಲ್ವ್ ತೂತು ಎದುರುಬದುರು ಬರುವಂತೆ ಟೇಪ್ ಸುತ್ತಿ, ಎಲ್ಲ ಕಡ್ಡಿಗಳನ್ನೂ ಸಡಿಲಿಸಿ ಒಂದೊಂದಾಗಿ ಆಚೆಯಿಂದ ಈಚೆಗೆ ದಾಟಿಸಿ. ಹೆಣಿಗೆ ನೆನಪಿಡುವ ಗೋಜೇ ಇಲ್ಲ. ಎಲ್ಲ ದಾಟಿದ ಮೇಲೆ ವಾಲ್ವ್‌ನಿಂದ ಶುರುಮಾಡಿ ಪ್ರತಿ ನಿಪ್ಪಲ್‌ಗೂ ಅಷ್ಟಷ್ಟೇ ಸುತ್ತು ಕೊಡುತ್ತಾ ಬನ್ನಿ, ಒಂದೇ ಏಟಿಗೆ ಬಿಗಿ ಬೇಡ. ಕಡ್ಡಿಯ ತುದಿ ನಿಪ್ಪಲ್ ದಾಟಿ ಬಂದಿದ್ದರೆ ಅರದಿಂದ ಉಜ್ಜಿ, ರಿಮ್ ಟೇಪ್ ಹಾಕಿದ ಮೇಲೆಯೇ ಟ್ಯೂಬ್ ಕೂರಿಸಿ. ಇಲ್ಲದಿದ್ದರೆ ಮಾರನೇ ದಿನವೇ ಪಂಕ್ಚರ್.