ಕಾಸರಗೋಡಿನಲ್ಲಿ ಮನೆ ಕೊಳ್ಳುವವರಿಗೆ: ಕಾಗದಪತ್ರಗಳ ಖರ್ಚಿನ ಲೆಕ್ಕ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಹಿತ್ತಿಲು ಸಹಿತ ಮನೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಸೆಂಟ್ಸಿಗೆ ಎಷ್ಟೆಂದು ಮಾತಾಡಿ ಮುಗಿಸಿ, ಮುಂಗಡ ಕೊಟ್ಟ ಮೇಲೆ ನೋಂದಣಿಯ ಖರ್ಚನ್ನು ವಿಚಾರಿಸುತ್ತಾರೆ. ಈ ಲೆಕ್ಕವನ್ನು ಮುಂಗಡಕ್ಕಿಂತ ಮೊದಲೇ ಮಾಡಿಕೊಳ್ಳಬೇಕು. ಕೇರಳದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಅಂದರೆ 35 ಲಕ್ಷ ರೂಪಾಯಿಯ ಮನೆಗೆ 2,80,000 ರೂಪಾಯಿ ಮುದ್ರಾಂಕಕ್ಕೆ, 70,000 ರೂಪಾಯಿ ನೋಂದಣಿಗೆ, ಒಟ್ಟಿಗೆ ಮೂರೂವರೆ ಲಕ್ಷ ಬೇಕು. ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ ಮುದ್ರಾಂಕ ಶುಲ್ಕ ಕೊಳ್ಳುವವರ ತಲೆಯ ಮೇಲೆಯೇ ಬೀಳುತ್ತದೆ. ಬ್ಯಾಂಕಿನ ಸಾಲ ಸಾಮಾನ್ಯವಾಗಿ ಈ ಮೊತ್ತವನ್ನು ಒಳಗೊಳ್ಳುವುದಿಲ್ಲವಾದ್ದರಿಂದ ಇದನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಈ ಶೇಕಡಾವಾರು ಯಾವ ಬೆಲೆಯ ಮೇಲೆ ಎಂಬುದು ಮುಂದಿನ ಪ್ರಶ್ನೆ. ಸರಕಾರವು 2010ರಿಂದ ಭೂಮಿಗೆ ನ್ಯಾಯಬೆಲೆಯನ್ನು ನಿಗದಿಪಡಿಸಿದ್ದು, ಕ್ರಯಪತ್ರದಲ್ಲಿ ಕಾಣಿಸಿದ ಬೆಲೆ ಮತ್ತು ನ್ಯಾಯಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಬೀಳುತ್ತದೆ. ನಾವು ಮಾತಾಡುವುದು ಸೆಂಟ್ಸಿನಲ್ಲಿ, ನ್ಯಾಯಬೆಲೆಯ ಪಟ್ಟಿಯಿರುವುದು ಆರ್ ಲೆಕ್ಕದಲ್ಲಿ. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸ್. ಹತ್ತು ಸೆಂಟ್ಸ್ ಜಾಗ 4.05 ಆರ್ ಆಗುತ್ತದೆ. ಆ ಸರ್ವೆ ನಂಬರಿನ ನ್ಯಾಯಬೆಲೆ ಆರ್‌ಗೆ 3 ಲಕ್ಷ ಎಂದಿದ್ದರೆ, ಪತ್ರದಲ್ಲಿ ಜಾಗಕ್ಕೆ 10 ಲಕ್ಷವೆಂದು ಬರೆದರೂ ಶುಲ್ಕದ ಲೆಕ್ಕ 12,15,000 ರೂಪಾಯಿಗೇ ಆಗುತ್ತದೆ. ಮನೆಯ ಬೆಲೆಯನ್ನು ಜಾಗದ ಬೆಲೆಗೆ ಬೇರೆಯಾಗಿ ಸೇರಿಸಬೇಕು.

ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಯೋಣ ಎಂಬ ಸಲಹೆ ಬಹುತೇಕ ಎಲ್ಲರಿಗೂ ಬರುತ್ತದೆ. ಅದನ್ನು ಒಪ್ಪಿದವರಿಗೆ ಮುಂದೆ ಜಿಲ್ಲಾ ರಿಜಿಸ್ಟ್ರಾರರ ನೋಟೀಸು ಬರಬಹುದು; ಇದೇ ಮನೆಯನ್ನು ಅವರು ಮಾರುವ ಕಾಲಕ್ಕೆ, ಪತ್ರದಲ್ಲಿರುವ ಕಡಿಮೆ ಬೆಲೆಯೇ ಅವರ ಖರೀದಿ ಬೆಲೆಯೆಂದಾಗಿ ಆದಾಯ ತೆರಿಗೆಯೂ ಹೆಚ್ಚುತ್ತದೆ.

ಕ್ರಯಪತ್ರವನ್ನು ಸ್ವತಃ ತಯಾರಿಸಲು ಕೇರಳದಲ್ಲಿ ಅವಕಾಶವಿದೆ, ಮಾದರಿ ನಮೂನೆಗಳೂ ನೋಂದಣಿ ಇಲಾಖೆಯ ಜಾಲತಾಣದಲ್ಲಿವೆ. ಆದರೂ ಮೊದಲ ಬಾರಿ ಕೊಳ್ಳುವವರು ಪರವಾನಗಿಯುಳ್ಳ ಆಧಾರ ಬರಹಗಾರರಿಂದ, ಅಂದರೆ ಪತ್ರ ಬರೆಯುವವರಿಂದ, ಬರೆಸುವುದೇ ಲೇಸು. ಬರೆಯುವ ಕೂಲಿ ಎಷ್ಟು, ಕಚೇರಿಗೆ ಕಟ್ಟುವ ಶುಲ್ಕ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಂಡು ರಶೀದಿ ಕೇಳಿ ಪಡೆಯಿರಿ. ಎಲ್ಲವನ್ನೂ ಒಟ್ಟು ಸೇರಿಸಿ ಒಂದೇ ಮೊತ್ತ ಹೇಳುವವರಲ್ಲಿ ವಿವರ ಕೇಳಲು ಸಂಕೋಚ ಬೇಡ.

ಹಣ ಉಳಿಸಲು ಹೋಗಬಾರದ ಜಾಗವೆಂದರೆ ವಕೀಲರ ಪರಿಶೀಲನೆ. ಬ್ಯಾಂಕು ಹೇಗೂ ತನ್ನ ವಕೀಲರಿಂದ ಅಭಿಪ್ರಾಯ ಪಡೆಯುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಆ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಸಾಕೇ ಎಂಬುದನ್ನು. ದಾರಿ, ಬಾವಿ, ಗಡಿಯ ಜಗಳ ಅವರ ಕೆಲಸದ ಮುಖ್ಯ ವಿಷಯವಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. 1956ರ ತನಕ ಈ ಭಾಗ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ಹಳೆಯ ದಾಖಲೆಗಳು ಕನ್ನಡದಲ್ಲಿವೆ, ಅವುಗಳಲ್ಲಿ ವರ್ಗ (ಸ್ವಂತ ಒಡೆತನದ ಜಾಗ), ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷ ವರ್ಷದ ಗೇಣಿ) ಇವುಗಳ ಮಾತು ಬರುತ್ತದೆ. ಇತ್ತೀಚಿನ ಗ್ರಾಮಕಚೇರಿಯ ಕಾಗದಗಳು ಮಲಯಾಳದಲ್ಲಿವೆ. ಎರಡನ್ನೂ ಓದಬಲ್ಲ ವಕೀಲರನ್ನು ಹುಡುಕಿ, ಗೇಣಿಯ ಜಾಗವಾಗಿದ್ದರೆ ಭೂಸುಧಾರಣಾ ಕಾಯ್ದೆಯಡಿ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಖರೀದಿ ಸರ್ಟಿಫಿಕೇಟು ಇದೆಯೇ ಎಂದು ಮೊದಲು ನೋಡಲು ಹೇಳಿ. ಸಾಲ ಕೊಡುವವರು ಹಳೆಯ ಕನ್ನಡ ಪತ್ರಗಳ ಭಾಷಾಂತರ ಕೇಳಿದರೆ ಅದರ ಖರ್ಚೂ ಸೇರುತ್ತದೆ.

ಕುಮ್ಕಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕುಮ್ಕಿಯೆಂದರೆ ವರ್ಗ ಜಾಗದ ಗಡಿಯಿಂದ 100 ಗಜದೊಳಗೆ ಸೊಪ್ಪು, ಮೇವು ತೆಗೆಯುವ ಸವಲತ್ತಿನ ಸರಕಾರಿ ಭೂಮಿ. ಬೇಲಿಯೊಳಗಿದೆ ಎಂಬ ಕಾರಣಕ್ಕೆ ಅದಕ್ಕೂ ಪಟ್ಟಾ ಜಾಗದ ಬೆಲೆ ಕೊಡುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಹಾಗೆಯೇ ಗ್ರಾಮಕಚೇರಿಯ ದಾಖಲೆಯಲ್ಲಿ ಜಾಗ ‘ನಿಲಂ’ (ಗದ್ದೆ) ಎಂದಿದೆಯೋ ‘ಪುರಯಿಡಂ’ (ಹಿತ್ತಿಲು ಜಾಗ) ಎಂದಿದೆಯೋ ನೋಡಬೇಕು. ನಿಲಂ ಎಂದಿದ್ದರೆ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ, ಅಂದರೆ ಸಂರಕ್ಷಿತ ಗದ್ದೆ-ಜೌಗುಭೂಮಿಗಳ ಪಟ್ಟಿಯಲ್ಲಿ, ಸೇರಿದೆಯೇ ಎಂದು ತಿಳಿದುಕೊಂಡು, ಸ್ವರೂಪ ಬದಲಾಯಿಸುವ ಖರ್ಚು ಯಾರದೆಂಬುದನ್ನು ಕರಾರಿನಲ್ಲೇ ಬರೆಸಬೇಕು. ಋಣಭಾರ ಪ್ರಮಾಣಪತ್ರ, ಕೈವಶ ಪ್ರಮಾಣಪತ್ರ, ಲೊಕೇಶನ್ ಸ್ಕೆಚ್, ಚಾಲ್ತಿ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಇವುಗಳಿಗೆ ಹೆಚ್ಚಿನ ದುಡ್ಡು ಬೇಡ, ತಾಳ್ಮೆ ಬೇಕು.

ಮಾರುವವರು ಗಲ್ಫಿನಲ್ಲಿದ್ದರೆ ಖರ್ಚಿನ ಪಟ್ಟಿ ಬದಲಾಗುತ್ತದೆ. ಅವರು ಕಳುಹಿಸಿದ ಪವರ್ ಆಫ್ ಅಟಾರ್ನಿ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣಗೊಂಡಿರಬೇಕು. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕವೂ ಬೀಳಬೇಕು. ಊರಲ್ಲೇ ನೆಲೆಸಿದವರಿಂದ ಕೊಳ್ಳುವಾಗ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ಶೇಕಡಾ 1ರಷ್ಟನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಈ 50 ಲಕ್ಷದ ಮಿತಿಯೇ ಅನ್ವಯಿಸುವುದಿಲ್ಲ, ದರವೂ ಹೆಚ್ಚು. ಹಿಡಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ ಇಲಾಖೆ ಕೇಳುವುದು ಕೊಂಡವರನ್ನೇ. ಇಂಥ ವ್ಯವಹಾರದಲ್ಲಿ ಲೆಕ್ಕಪರಿಶೋಧಕರಿಗೆ ಕೊಡುವ ಶುಲ್ಕ ದಂಡವಲ್ಲ.

ಸಾಲ ತೆಗೆದರೆ ಬ್ಯಾಂಕಿನ ಸಂಸ್ಕರಣಾ ಶುಲ್ಕ, ಬೆಲೆಕಟ್ಟುವವರ ಶುಲ್ಕ, ಪತ್ರಗಳನ್ನು ಅಡವಿಡುವ ದಾಖಲೆಯ ಮುದ್ರಾಂಕ ಇವೆಲ್ಲ ಬೇರೆ. ಇವುಗಳ ಲಿಖಿತ ಪಟ್ಟಿಯನ್ನು ಅರ್ಜಿ ಕೊಡುವಾಗಲೇ ಕೇಳಬಹುದು.

ಕ್ರಯಪತ್ರಕ್ಕೆ ಸಹಿ ಬಿದ್ದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಜರುಪಡಿಸಬೇಕು, ತಡವಾದರೆ ದಂಡವಿದೆ. ನೋಂದಣಿಯಾದ ಮೇಲೆ ಪೋಕುವರವು, ಅಂದರೆ ಗ್ರಾಮಕಚೇರಿಯ ದಾಖಲೆಯಲ್ಲಿ ಹೆಸರು ಬದಲಾವಣೆ, ಆಗಿದೆಯೇ ಎಂದು ವಿಚಾರಿಸಿ ಹೊಸ ತಂಡಪ್ಪೇರ್ (ಗ್ರಾಮಕಚೇರಿಯ ಭೂಖಾತೆ) ಸಂಖ್ಯೆಯಲ್ಲಿ ತೀರ್ವೆ ಕಟ್ಟಿರಿ. ನೋಂದಣಿ, ಕಂದಾಯ, ಸರ್ವೆ ಇಲಾಖೆಗಳನ್ನು ಒಟ್ಟುಗೂಡಿಸುವ ‘ಎಂಡೆ ಭೂಮಿ’ ವ್ಯವಸ್ಥೆ 2024ರಲ್ಲಿ ಮೊದಲು ಬಂದದ್ದು ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮಕ್ಕೆ. ಆ ವ್ಯವಸ್ಥೆ ಬಂದ ಗ್ರಾಮಗಳಲ್ಲಿ ನೋಂದಣಿಗೆ ಮೊದಲೇ ಸರ್ವೆಯ ನಕ್ಷೆ ಬೇಕಾಗುವುದರಿಂದ ಅದಕ್ಕೆ ಸಮಯ, ಶುಲ್ಕ ಎರಡನ್ನೂ ಮೀಸಲಿಡಿ. 100 ಚದರ ಮೀಟರಿಗಿಂತ ದೊಡ್ಡ ಮನೆಯಾದರೆ ಒಂದಾವರ್ತಿ ಕಟ್ಟಡ ತೆರಿಗೆಯನ್ನು ಹಿಂದಿನವರು ಕಟ್ಟಿದ ರಶೀದಿ ಪಡೆಯಿರಿ. 278.7 ಚದರ ಮೀಟರ್ ದಾಟಿದ್ದರೆ ಮೊದಲು ಐಷಾರಾಮಿ ತೆರಿಗೆ ಎನ್ನುತ್ತಿದ್ದ ಹೆಚ್ಚುವರಿ ತೆರಿಗೆ ವರ್ಷ ವರ್ಷವೂ ಇರುತ್ತದೆ, ಅದರ ಬಾಕಿಯನ್ನೂ ಕೇಳಬೇಕು. ಬಳಿಕ ಪಂಚಾಯತಿನಲ್ಲಿ ಮನೆ ನಂಬರಿನ ಒಡೆತನವನ್ನೂ ವಿದ್ಯುತ್ ಸಂಪರ್ಕವನ್ನೂ ನಿಮ್ಮ ಹೆಸರಿಗೆ ಬದಲಾಯಿಸಿಕೊಂಡು, ಇನ್ನೊಂದು ಋಣಭಾರ ಪ್ರಮಾಣಪತ್ರ ತೆಗೆದು ನಿಮ್ಮ ಕ್ರಯಪತ್ರದ ನಂಬರು ಅದರಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿರಿ.